ಆತ್ಮಸಾಕ್ಷಿಗೆ ಎರಡನೇ ಪ್ರಾಶಸ್ತ್ಯ

ಓದುಗರ ಪ್ರಶ್ನೆ, ಪಕ್ಷಪಾತಿಯ ಉತ್ತರ

1969ರ ರಾಷ್ಟ್ರಪತಿ ಚುನಾವಣೆಯಲ್ಲಿ ನೀಲಂ ಸಂಜೀವ ರೆಡ್ಡಿಯವರು ಸೋಲಬಾರದಿತ್ತು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳ ಕಟ್ಟನ್ನು ಸಂಪಾದಕರು ಬಳ್ಳಾರಿಗೆ ಕಳುಹಿಸಿ, "ಬೈದವರಿಗೆ ಮೊದಲು ಉತ್ತರಿಸಿ" ಎಂದು ಚೀಟಿ ಇಟ್ಟಿದ್ದಾರೆ. ಹಾಗಾದರೆ ಎಲ್ಲರಿಗೂ ಉತ್ತರಿಸಬೇಕಾಗುತ್ತದೆ.

ಆ ಲೇಖನ ಓದದವರಿಗೆ ನಾಲ್ಕು ಸಾಲು. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಕಾಂಗ್ರೆಸ್ ಪಕ್ಷ ಲೋಕಸಭೆಯ ಸ್ಪೀಕರ್ ಆಗಿದ್ದ ಸಂಜೀವ ರೆಡ್ಡಿಯವರನ್ನು ತನ್ನ ಅಭ್ಯರ್ಥಿ ಎಂದು ಘೋಷಿಸಿತು. ಉಪರಾಷ್ಟ್ರಪತಿ ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ಸ್ವತಂತ್ರ ಪಕ್ಷ ಮತ್ತು ಜನಸಂಘ ಸಿ.ಡಿ. ದೇಶಮುಖ್ ಅವರನ್ನು ಬೆಂಬಲಿಸಿದವು. ಪ್ರಧಾನಿ ಇಂದಿರಾ ಗಾಂಧಿಯವರು ರೆಡ್ಡಿಯವರ ನಾಮಪತ್ರಕ್ಕೆ ತಾವೇ ಸೂಚಕರಾಗಿ ಸಹಿ ಹಾಕಿ, ಮತದಾನ ಹತ್ತಿರ ಬಂದಾಗ "ಆತ್ಮಸಾಕ್ಷಿಗೆ ಅನುಸಾರ ಮತ ಹಾಕಿ" ಎಂದರು. ಗಿರಿ ಗೆದ್ದರು. ನನ್ನ ತಕರಾರು ಇರುವುದು ಆ ಸಹಿಗೂ ಆ ಕರೆಗೂ ನಡುವೆ.

ಪ್ರಶ್ನೆ: ಐವತ್ತು ವರ್ಷ ಕಳೆದರೂ ನೀವು ಹಟ ಬಿಟ್ಟಿಲ್ಲ. ಪಕ್ಷಪಾತಿ ಬರೆದ ಇತಿಹಾಸವನ್ನು ನಾವು ಏಕೆ ನಂಬಬೇಕು?
— ನಿವೃತ್ತ ಶಿಕ್ಷಕರು, ಸಿಂಧನೂರು

ಉತ್ತರ: ನಂಬಬೇಡಿ ಮೇಷ್ಟ್ರೇ. ಅಂಕಿಗಳನ್ನು ಇಟ್ಟುಕೊಂಡು ನನ್ನ ಬಣ್ಣನೆಯನ್ನು ಬಿಸಾಡಿ. ನಾನು ರೆಡ್ಡಿಯವರ ಕಡೆಯವನು ಎಂದು ಮೊದಲ ಸಾಲಿನಲ್ಲೇ ಹೇಳಿಕೊಂಡಿದ್ದೇನೆ. ತಾವು ಯಾರ ಕಡೆಯವರೂ ಅಲ್ಲ ಎಂದು ಹೇಳಿಕೊಂಡೇ ಗಿರಿಯವರ ಗೆಲುವನ್ನು ಬಡವರ ಗೆಲುವು ಎಂದು ಬರೆದವರ ಪುಸ್ತಕಗಳನ್ನು ತಾವು ವರ್ಷಗಟ್ಟಲೆ ಪಾಠ ಮಾಡಿರಬಹುದು. ನನ್ನ ಎರಡು ಪುಟ ಓದಿದರೆ ನಷ್ಟವೇನೂ ಇಲ್ಲ.

ಪ್ರಶ್ನೆ: ಯಜಮಾನರೇ, ರೆಡ್ಡಿಯವರು ಆಂಧ್ರದವರು. ಬಳ್ಳಾರಿಯನ್ನು ಮೈಸೂರಿಗೆ ಸೇರಿಸಲು ನಮ್ಮ ಹಿರಿಯರು ಎಷ್ಟು ಹೆಣಗಿದರು ಎಂಬುದನ್ನು ಮರೆತು ನೀವು ಆ ಕಡೆಯವರ ಪರ ವಾದಿಸುವುದೇ?
— ಅಕ್ಕಿ ವ್ಯಾಪಾರಿ, ಸಿರುಗುಪ್ಪ

ಉತ್ತರ: "ಆ ಕಡೆ" ಎಂದರೆ ಎಷ್ಟು ದೂರ ಸ್ವಾಮಿ? ಸಿರುಗುಪ್ಪದಲ್ಲಿ ಕುಳಿತು ಈ ಪ್ರಶ್ನೆ ಕೇಳುತ್ತಿದ್ದೀರಿ! ನಿಮ್ಮ ಅಂಗಡಿಗೆ ಬರುವ ಗಿರಾಕಿಗಳಲ್ಲಿ ಅರ್ಧ ಜನ ತೆಲುಗಿನಲ್ಲಿ ಚೌಕಾಸಿ ಮಾಡಿ ಕನ್ನಡದಲ್ಲಿ ಸಾಲ ಹೇಳುವವರೇ ಇರಬೇಕು.

ರೆಡ್ಡಿಯವರು ಹುಟ್ಟಿದ್ದು ಅನಂತಪುರ ಜಿಲ್ಲೆಯ ಇಲ್ಲೂರಿನಲ್ಲಿ, 1913ರಲ್ಲಿ. ಆದರೆ ಅನಂತಪುರ ಎಂಬ ಜಿಲ್ಲೆಯೇ 1882ರವರೆಗೆ ಇರಲಿಲ್ಲ. ಅದುವರೆಗೆ ಆ ಸೀಮೆಯೆಲ್ಲ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. 1800ರಲ್ಲಿ ನಿಜಾಮರು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ದತ್ತ ಮಂಡಲದಲ್ಲಿ ಬಳ್ಳಾರಿ, ಅನಂತಪುರ, ಕಡಪ, ಕರ್ನೂಲು ಎಲ್ಲವೂ ಒಂದೇ ಕಂತೆ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಬಂದದ್ದು ನನಗೂ ಸಂತೋಷವೇ. ಆದರೆ ನಮ್ಮ ಸೋದರತ್ತೆಯ ಮನೆ ರಾಯದುರ್ಗದಲ್ಲೇ ಉಳಿಯಿತು. ಗಡಿ ಬಿದ್ದಿತೆಂದು ನಾವೇನೂ ಅವರ ಮನೆಯ ಮದುವೆಗೆ ಹೋಗುವುದನ್ನು ಬಿಡಲಿಲ್ಲ.

ಇನ್ನೊಂದು ಮಾತು. ರೆಡ್ಡಿಯವರನ್ನು ನಿಲ್ಲಿಸಿದ ಕಾಂಗ್ರೆಸ್ ಅಧ್ಯಕ್ಷ ಎಸ್. ನಿಜಲಿಂಗಪ್ಪನವರು ಹುಟ್ಟಿದ ಹಲುವಾಗಲು ಆಗ ಬಳ್ಳಾರಿ ಜಿಲ್ಲೆಯ ಹಳ್ಳಿ. ಅಭ್ಯರ್ಥಿ ಪಕ್ಕದ ಜಿಲ್ಲೆಯವರು, ಅಧ್ಯಕ್ಷರು ನಮ್ಮ ಜಿಲ್ಲೆಯವರು. ಎದುರಾಳಿ ಗಿರಿಯವರೂ ಪರಕೀಯರಲ್ಲ: 1965ರಿಂದ 67ರವರೆಗೆ ಮೈಸೂರು ರಾಜ್ಯಕ್ಕೇ ರಾಜ್ಯಪಾಲರಾಗಿದ್ದವರು. ಇಷ್ಟು ಮನೆಯೊಳಗಿನ ಜಗಳ ಬಳ್ಳಾರಿಗೆ ಮತ್ತೆ ಸಿಕ್ಕಿಲ್ಲ. 1999ರ ಸೋನಿಯಾ–ಸುಷ್ಮಾ ಸ್ಪರ್ಧೆ ಬಿಡಿ, ಅಲ್ಲಿ ಇಬ್ಬರೂ ಅತಿಥಿಗಳು.

ಪ್ರಶ್ನೆ: ತಾತ, ಗಿರಿಯವರು ಮೊದಲ ಎಣಿಕೆಯಲ್ಲೇ ಮುಂದಿದ್ದರು ಎಂದು ಓದಿದೆ. ಮತ್ತೆ ಎರಡನೇ ಪ್ರಾಶಸ್ತ್ಯದ ಮತಗಳನ್ನು ಏಕೆ ಎಣಿಸಿದರು? ನಿಮ್ಮವರು ನಿಜವಾಗಿ ಎಷ್ಟರಲ್ಲಿ ಸೋತರು?
— ಬಿ.ಎ. ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ಇದೊಂದು ಪ್ರಶ್ನೆಗಾಗಿ ಕಟ್ಟಿನ ತಳದವರೆಗೆ ಹುಡುಕಿದೆ ಮಗಳೇ. ನಿಧಾನವಾಗಿ ಹೇಳುತ್ತೇನೆ, ಪೆನ್ಸಿಲ್ ತೆಗೆದುಕೋ.

ರಾಷ್ಟ್ರಪತಿಯನ್ನು ಆರಿಸುವವರು ಸಂಸದರು ಮತ್ತು ಶಾಸಕರು. ಶಾಸಕರ ಮತಕ್ಕೆ ಅವರ ರಾಜ್ಯದ ಜನಸಂಖ್ಯೆಗೆ ತಕ್ಕಂತೆ ಮೌಲ್ಯ ಕಟ್ಟುತ್ತಾರೆ. ಸಂಸದರ ಮತಕ್ಕೆ ಎಲ್ಲರಿಗೂ ಒಂದೇ ಮೌಲ್ಯ; 1969ರಲ್ಲಿ ಅದು 576. ಮತಪತ್ರದಲ್ಲಿ ಮುದ್ರೆ ಒತ್ತುವುದಿಲ್ಲ, ಹೆಸರುಗಳ ಮುಂದೆ 1, 2, 3 ಎಂದು ಬರೆಯಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಎಲ್ಲರಿಗಿಂತ ಕೆಳಗಿರುವವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿ 2 ಯಾರ ಹೆಸರಿನ ಮುಂದಿದೆಯೋ ಅವರಿಗೆ ಆ ಮೌಲ್ಯ ಸೇರಿಸುತ್ತಾರೆ. ಹೀಗೆ ಕೆಳಗಿನಿಂದ ಒಬ್ಬೊಬ್ಬರೇ ಹೊರಗೆ ಹೋಗುತ್ತಾರೆ.

ಮತದಾನ ಆಗಸ್ಟ್ 16ಕ್ಕೆ, ಎಣಿಕೆ 20ಕ್ಕೆ. ನಾನು ಆಗ ಬಳ್ಳಾರಿಯ ಒಂದು ಅರಳೆ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಆಗಸ್ಟ್ ಅರಳೆಯ ಕಾಲವಲ್ಲ. ಯಂತ್ರಗಳು ನಿಂತಿದ್ದರಿಂದ ಸಾಹುಕಾರರ ಗಾದಿಯ ಪಕ್ಕದ ರೇಡಿಯೊ ಅಂಗಳದವರೆಗೂ ಕೇಳುತ್ತಿತ್ತು. ಅದಕ್ಕೆ ಧೂಳು ಕೂರದಂತೆ ಸಾಹುಕಾರರ ಹೆಂಡತಿ ಹೊಲಿದುಕೊಟ್ಟ ಗವಸು ಇತ್ತು. ವಾರ್ತೆಯ ಹೊತ್ತಿಗೆ ಮಾತ್ರ ಅದನ್ನು ತೆಗೆಯುತ್ತಿದ್ದರು, ವಾರ್ತೆ ಮುಗಿದ ಕೂಡಲೇ ಮತ್ತೆ ತೊಡಿಸುತ್ತಿದ್ದರು. ಅಂದು ತೊಡಿಸಲಿಲ್ಲ. ರೈಲ್ವೆಯಲ್ಲಿ ಗುಮಾಸ್ತನಾಗಿದ್ದ ನನ್ನ ಗೆಳೆಯನೊಬ್ಬ ರಜೆ ಹಾಕಿ ಬಂದು ಬಾಗಿಲಲ್ಲಿ ಕುಳಿತಿದ್ದ. ಗಿರಿಯವರು ರೈಲ್ವೆ ಕಾರ್ಮಿಕರನ್ನು ಸಂಘಟಿಸಿ ಬೆಳೆದ ನಾಯಕರು. ಗುಂತಕಲ್ಲಿನಿಂದ ಹುಬ್ಬಳ್ಳಿಯವರೆಗೆ ರೈಲ್ವೆಯವರೆಲ್ಲ ಗಿರಿಯವರ ಕಡೆ ಎಂಬುದು ಅವನ ಮಾತು. ನಮ್ಮಿಬ್ಬರಿಗೆ ಪಂದ್ಯ ಬಿದ್ದಿತ್ತು: ಸೋತವನು ಗೆದ್ದವನಿಗೆ ಮಂಡಕ್ಕಿ ಒಗ್ಗರಣೆ ಮತ್ತು ಬೇಕಾದಷ್ಟು ಮಿರ್ಚಿ ಕೊಡಿಸಬೇಕು.

ಕಚ್ಚಾ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ಗಿರಿ 4,01,515. ರೆಡ್ಡಿ 3,13,548. ದೇಶಮುಖ್ 1,12,769. ಉಳಿದವರದು ಲೆಕ್ಕಕ್ಕೆ ಬಾರದಷ್ಟು. ಗೆಲ್ಲಲು ಬೇಕಾದದ್ದು 4,18,169. ಗೆಳೆಯ ಎದ್ದು ಚಪ್ಪಲಿ ಮೆಟ್ಟಿಕೊಂಡು "ನಡಿ, ಮಿರ್ಚಿ ಆರಿ ಹೋಗುತ್ತದೆ" ಎಂದ. ನಾನು ಅವನ ತೋಳು ಹಿಡಿದು ಕೂರಿಸಿದೆ. ಗಿರಿಯವರಿಗೆ ಇನ್ನೂ 16,654 ಬೇಕಿತ್ತು. ರೆಡ್ಡಿಯವರಿಗೆ ಬೇಕಿದ್ದದ್ದು 1,04,621. ಅಸಾಧ್ಯ ಎನ್ನುತ್ತೀಯಾ? ದೇಶಮುಖ್ ಅವರ ಮತಪತ್ರಗಳೆಲ್ಲ ಇನ್ನೂ ಬಾಕಿ ಇದ್ದವು!

ಅವುಗಳನ್ನು ತೆರೆದಾಗ ಏನಾಯಿತು ನೋಡು. ಕೆಳಗಿನವರೆಲ್ಲ ಹೊರಗೆ ಹೋದ ಮೇಲೆ ರೆಡ್ಡಿಯವರಿಗೆ 91,879 ಸೇರಿತು, ಗಿರಿಯವರಿಗೆ 18,562. ಹೊಸದಾಗಿ ಸೇರಿದ ಪ್ರತಿ ಆರು ಮತಗಳಲ್ಲಿ ಹತ್ತಿರ ಹತ್ತಿರ ಐದು ನಮ್ಮವು. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಗಿರಿಯವರು ಗೆರೆ ದಾಟಿದ್ದು 1,908ರಿಂದ. ಅದು ನಾಲ್ಕು ಸಂಸದರ ಮತಕ್ಕೂ ಕಡಿಮೆ. ಇಬ್ಬರ ನಡುವಿನ ಅಂತರ 14,650. ಅದರ ಅರ್ಧಕ್ಕಿಂತ ತುಸು ಹೆಚ್ಚು ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಸಾಕಿತ್ತು. 576ರಿಂದ ಭಾಗಿಸು. ಹದಿಮೂರು. ಹದಿಮೂರು ಸಂಸದರು 1 ಎಂಬ ಅಂಕಿಯನ್ನು ತಮ್ಮದೇ ಪಕ್ಷದ ಅಭ್ಯರ್ಥಿಯ ಮುಂದೆ ಬರೆದಿದ್ದರೆ ಸಂಜೀವ ರೆಡ್ಡಿ ರಾಷ್ಟ್ರಪತಿ. ಬಳ್ಳಾರಿ–ಗುಂತಕಲ್ ಪ್ಯಾಸೆಂಜರಿನಲ್ಲಿ ಎರಡು ಬೆಂಚು ತುಂಬುವಷ್ಟು ಜನ. ಇದನ್ನು ಜನಸಾಗರದ ತೀರ್ಪು ಎಂದು ಬರೆದವರನ್ನು ಕಂಡರೆ ಇಂದಿಗೂ ನನಗೆ ಮೈ ಉರಿಯುತ್ತದೆ.

ಮಿರ್ಚಿ ನಾನೇ ಕೊಡಿಸಿದೆ. ಅವನು ತಿಂದದ್ದೂ ಕಡಿಮೆಯೇನಲ್ಲ.

ಪ್ರಶ್ನೆ: ಆ ಎರಡನೇ ಪ್ರಾಶಸ್ತ್ಯದ ಮತಗಳಿಗಾಗಿಯೇ ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ಬಾಗಿಲು ತಟ್ಟಿದರಲ್ಲವೇ? ವಿರೋಧಿಗಳೊಡನೆ ಕೈ ಜೋಡಿಸಿದವರು ಮೊದಲು ತಮ್ಮವರೇ. ನಂತರ ಪ್ರಧಾನಿಯನ್ನು ದೂರುವುದು ಯಾವ ನ್ಯಾಯ? 1971ರಲ್ಲಿ ಜನ ಕೊಟ್ಟ ಉತ್ತರವನ್ನೂ ಮರೆಯಬೇಡಿ.
— ವಕೀಲರು, ಬಳ್ಳಾರಿ

ಉತ್ತರ: ವಕೀಲರೇ, ಹೋಗಿ ಮಾತನಾಡಿದ್ದು ನಿಜ. ನಮ್ಮ ಅಭ್ಯರ್ಥಿಗೆ 2 ಬರೆಯಿರಿ ಎಂದು ಕೇಳಿದರು. ಇನ್ನೊಬ್ಬರ ಬೆಂಬಲಿಗರ ಎರಡನೇ ಆಯ್ಕೆಯನ್ನು ಕೇಳುವುದಕ್ಕೇ ಅಲ್ಲವೇ ಆ ಮತಪತ್ರದಲ್ಲಿ 2 ಇರುವುದು? ಗಿರಿಯವರು ಕಮ್ಯುನಿಸ್ಟರ 1ನ್ನೇ ಪಡೆದರು, ಅದು ಪ್ರಗತಿಪರ. ರೆಡ್ಡಿಯವರು ಜನಸಂಘದ 2 ಕೇಳಿದರೆ ಪ್ರತಿಗಾಮಿ. ಈ ತಕ್ಕಡಿಯನ್ನು ತಾವು ನ್ಯಾಯಾಲಯದಲ್ಲಿ ಒಪ್ಪುತ್ತೀರಾ?

ಜಗಜೀವನ ರಾಂ ಮತ್ತು ಫಕ್ರುದ್ದೀನ್ ಅಲಿ ಅಹಮದ್ ಅವರು ನಿಜಲಿಂಗಪ್ಪನವರಿಗೆ ವಿವರಣೆ ಕೇಳಿ ಪತ್ರ ಬರೆದದ್ದು ಇದೇ ನೆಪದಲ್ಲಿ. ನೆಪ ಎಂದು ಏಕೆ ಹೇಳುತ್ತೇನೆಂದರೆ, ಆಯ್ಕೆ ಆಗಿ ಹೋಗಿತ್ತು. ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಪಕ್ಷದ ಸಂಸದೀಯ ಮಂಡಳಿಯಲ್ಲಿ ಇಂದಿರಾ ಗಾಂಧಿಯವರು ಜಗಜೀವನ ರಾಂ ಹೆಸರು ಹೇಳಿದರು. ಬಹುಮತ ರೆಡ್ಡಿಯವರ ಕಡೆ ಬಂತು. ಕಾಮರಾಜ್, ಮೊರಾರ್ಜಿ ಮಾತ್ರವಲ್ಲ, ವೈ.ಬಿ. ಚವಾಣ್ ಕೂಡ ರೆಡ್ಡಿಯವರ ಪರ ನಿಂತರು. ಸೋತ ಮೇಲೆ ಆಕೆ ಸುಮ್ಮನಿದ್ದಿದ್ದರೆ ಅದು ಒಂದು ರೀತಿ. ರೆಡ್ಡಿಯವರನ್ನು ವಿರೋಧಿಸುತ್ತೇನೆ ಎಂದು ಅಂದೇ ಸಾರಿದ್ದರೆ ಅದು ಇನ್ನೊಂದು ರೀತಿ, ನಾನು ಟೋಪಿ ತೆಗೆಯುತ್ತಿದ್ದೆ. ನಾಮಪತ್ರಕ್ಕೆ ಸಹಿ ಹಾಕಿದ ಕೈಯೇ ಅಭ್ಯರ್ಥಿಯನ್ನು ಕೆಳಗೆ ತಳ್ಳಿತು ಎಂಬುದಷ್ಟೇ ನನ್ನ ಫಿರ್ಯಾದು.

1971ರ ವಿಚಾರ: ಮೈಸೂರು ರಾಜ್ಯದ 27ಕ್ಕೆ 27 ಲೋಕಸಭಾ ಸ್ಥಾನಗಳನ್ನೂ ಇಂದಿರಾ ಕಾಂಗ್ರೆಸ್ ಗೆದ್ದಿತು. ಪಕ್ಷ ಒಡೆದ ಮೇಲೆ ನಿಜಲಿಂಗಪ್ಪನವರ ಕಡೆ ಉಳಿದ ನಮ್ಮ ಸಂಸ್ಥಾ ಕಾಂಗ್ರೆಸ್ಸಿಗೆ ಇಲ್ಲಿ ಒಂದೂ ಸಿಗಲಿಲ್ಲ. ಇದನ್ನು ಮರೆಯಲು ನನಗೆ ಯಾರೂ ಬಿಟ್ಟಿಲ್ಲ, ತಾವು ಕಡೆಯವರು.

ಪ್ರಶ್ನೆ: ಸಿಂಡಿಕೇಟ್ ಎಂದು ಕರೆಸಿಕೊಂಡ ನಿಮ್ಮ ಕಾಂಗ್ರೆಸ್ ಮುದುಕರು ಏನೇ ಅನ್ನಲಿ, ಇಂದಿರಮ್ಮ ಬ್ಯಾಂಕುಗಳನ್ನು ಸರ್ಕಾರದ್ದು ಮಾಡಿದ್ದರಿಂದ ನಮ್ಮಪ್ಪನಿಗೆ ಪಂಪ್‌ಸೆಟ್ ಸಾಲ ಸಿಕ್ಕಿತು. ಅದಕ್ಕೂ ಮೊದಲು ಸಾಹುಕಾರನ ಮನೆಯ ಜಗಲಿ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಈ ಬಗ್ಗೆ ನಿಮ್ಮ ಲೇಖನದಲ್ಲಿ ಒಂದಕ್ಷರವಿಲ್ಲ.
— ರೈತರು, ಯಲಬುರ್ಗಾ

ಉತ್ತರ: ನಿಮ್ಮ ತಂದೆಯವರಿಗೆ ಸಾಲ ಸಿಕ್ಕಿದ್ದು ಒಳ್ಳೆಯದಾಯಿತು, ಗೌಡರೇ. ಸಾಹುಕಾರರ ಗಾದಿಯ ಪಕ್ಕದಲ್ಲೇ ಕುಳಿತು ಬಡ್ಡಿ ಲೆಕ್ಕ ಬರೆದವನು ನಾನು. ಅಲ್ಲಿ ಹೆಬ್ಬೆಟ್ಟು ಒತ್ತುವವರ ಬೆರಳು ನಡುಗುವುದನ್ನು ನೋಡಿದ್ದೇನೆ. ಬ್ಯಾಂಕ್ ರಾಷ್ಟ್ರೀಕರಣ ಕೆಟ್ಟದೆಂದು ನಾನು ಎಲ್ಲೂ ಬರೆದಿಲ್ಲ.

ದಿನಾಂಕಗಳನ್ನು ಮಾತ್ರ ನೋಡಿ. ಜುಲೈ 16ಕ್ಕೆ ಮೊರಾರ್ಜಿಯವರಿಂದ ಹಣಕಾಸು ಖಾತೆ ಹೋಯಿತು. 19ಕ್ಕೆ, 50 ಕೋಟಿಗಿಂತ ಹೆಚ್ಚು ಠೇವಣಿ ಇದ್ದ 14 ಬ್ಯಾಂಕುಗಳ ಸುಗ್ರೀವಾಜ್ಞೆ ಬಂತು. ಅದಕ್ಕೆ ಅಂಕಿತ ಹಾಕಿದವರು ಯಾರು? ಹಂಗಾಮಿ ರಾಷ್ಟ್ರಪತಿ ಗಿರಿಯವರು. 20ಕ್ಕೆ ಗಿರಿಯವರು ಚುನಾವಣೆಗೆ ನಿಲ್ಲಲು ಆ ಹುದ್ದೆಗೆ ರಾಜೀನಾಮೆ ಕೊಟ್ಟರು. ಅದೇ ಹೊತ್ತಿಗೆ ಮನುಷ್ಯ ಚಂದ್ರನ ಮೇಲೆ ಇಳಿದದ್ದರಿಂದ ನಮ್ಮ ಊರಿನಲ್ಲಿ ಯಾರೂ ಈ ಎರಡು ಸಹಿಗಳ ನಡುವಿನ ಅಂತರವನ್ನು ಅಳೆಯಲು ಹೋಗಲಿಲ್ಲ. ಪಂಪ್‌ಸೆಟ್ ಸಾಲವನ್ನು ಮೇ ತಿಂಗಳಲ್ಲಿ ಕೊಡಬಹುದಿತ್ತು, ಅಕ್ಟೋಬರಿನಲ್ಲೂ ಕೊಡಬಹುದಿತ್ತು.

ಆ ಹದಿನಾಲ್ಕರಲ್ಲಿ ನಮ್ಮ ಕರಾವಳಿಯವರು ಕಟ್ಟಿದ ಸಿಂಡಿಕೇಟ್ ಬ್ಯಾಂಕೂ ಇತ್ತು. ಸಿಂಡಿಕೇಟಿನ ಮೇಲೆ ಆಕೆಗೆ ಅಷ್ಟು ಸಿಟ್ಟು!

ಪ್ರಶ್ನೆ: ಈಗ ನೀವು ಯಾವ ಪಕ್ಷ?
— ಓದುಗರು, ಮಾನ್ವಿ

ಉತ್ತರ: ಮತದಾನ ಗುಪ್ತ.

ಪ್ರಶ್ನೆ: ರೆಡ್ಡಿಯವರು 1977ರಲ್ಲಿ ರಾಷ್ಟ್ರಪತಿಯಾದರು. 1979ರಲ್ಲಿ ಜಗಜೀವನ ರಾಂ ಅವರು ಸರ್ಕಾರ ರಚಿಸಲು ಅವಕಾಶ ಕೇಳಿದಾಗ ಕೊಡಲಿಲ್ಲ, ಲೋಕಸಭೆಯನ್ನೇ ವಿಸರ್ಜಿಸಿದರು. ಹತ್ತು ವರ್ಷದ ಹಿಂದಿನ ಸೇಡು ಎನ್ನಬಹುದೇ?
— ಉಪನ್ಯಾಸಕರು, ರಾಯಚೂರು

ಉತ್ತರ: ಸೇಡು ಎನ್ನಲು ಸಾಕ್ಷಿ ಬೇಕು, ನಿಮ್ಮ ಬಳಿಯೂ ಇಲ್ಲ. ಆದರೆ ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿದೆ.

1977ರದು ನಮ್ಮ ಪಾಲಿಗೆ ಹಬ್ಬ. ಆಂಧ್ರದಿಂದ ಜನತಾ ಪಕ್ಷಕ್ಕೆ ಗೆದ್ದ ಒಬ್ಬರೇ ಒಬ್ಬ ಸಂಸದ ರೆಡ್ಡಿಯವರು, ನಂದ್ಯಾಲದಿಂದ. ಸ್ಪೀಕರ್ ಆದರು, ಜುಲೈನಲ್ಲಿ ರಾಷ್ಟ್ರಪತಿ. 37 ನಾಮಪತ್ರಗಳಲ್ಲಿ 36 ತಿರಸ್ಕೃತವಾಗಿ ಅವಿರೋಧ ಆಯ್ಕೆ. ಹಂಗಾಮಿ ರಾಷ್ಟ್ರಪತಿಯಾಗಿದ್ದ ನಮ್ಮ ಬಿ.ಡಿ. ಜತ್ತಿಯವರ ನಂತರ ಆ ಕುರ್ಚಿಗೆ ಬಂದರು. 1969ರಲ್ಲಿ ಹದಿಮೂರು ಮತಕ್ಕೆ ತಪ್ಪಿದ್ದು ಈಗ ಒಂದು ಮತವೂ ಬೀಳದೆ ಕೈಗೆ ಬಂತು.

1979ರಲ್ಲಿ ಮೊರಾರ್ಜಿ ಸರ್ಕಾರ ಹೋಯಿತು, ಚರಣ್ ಸಿಂಗ್ ಬಂದರು, ಲೋಕಸಭೆಯ ವಿಶ್ವಾಸ ಪಡೆಯುವ ಮೊದಲೇ ರಾಜೀನಾಮೆ ಕೊಟ್ಟರು. ಆ ದಿನ ಆಗಸ್ಟ್ 20. ಗಿರಿಯವರ ಗೆಲುವು ಘೋಷಣೆಯಾದ ತಾರೀಖು. ರಾಜೀನಾಮೆ ಕೊಟ್ಟ ಪ್ರಧಾನಿಯ ಸಲಹೆಯನ್ನು ಒಪ್ಪಿ ರೆಡ್ಡಿಯವರು 22ಕ್ಕೆ ಸದನ ವಿಸರ್ಜಿಸಿದರು. ಜಗಜೀವನ ರಾಂ ಅವರನ್ನು ಒಮ್ಮೆ ಕರೆದು ಬಹುಮತ ತೋರಿಸಲು ಹೇಳಬಹುದಿತ್ತು. ಬಾಗಿಲು ತೆರೆದಿಟ್ಟು ಸೋಲಲು ಬಿಟ್ಟಿದ್ದರೂ ಚೆನ್ನಾಗಿತ್ತು. ರೆಡ್ಡಿಯವರ ಕಡೆಯವನಾಗಿ ನಾನು ಸಮರ್ಥಿಸಿಕೊಳ್ಳದ ಒಂದೇ ಸಂಗತಿ ಇದು. ಜನವರಿಯಲ್ಲಿ ಇಂದಿರಾ ಗಾಂಧಿಯವರು ಗೆದ್ದು ಬಂದಾಗ ಪ್ರಮಾಣವಚನ ಬೋಧಿಸಬೇಕಾದವರು ಇವರೇ. ಆ ಫೋಟೊ ಪತ್ರಿಕೆಯಲ್ಲಿ ಬಂದ ದಿನ ನಮ್ಮ ರೈಲ್ವೆ ಗೆಳೆಯ ಅದನ್ನು ಮಡಿಸಿ ತಂದು ನನ್ನ ಮೇಜಿನ ಮೇಲೆ ಇಟ್ಟು, ಏನೂ ಮಾತನಾಡದೆ ಹೋದ.

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಅಧ್ಯಕ್ಷ ಚುನಾವಣೆ ಎಂದರೆ ವರ್ಷವಿಡೀ ಪ್ರಚಾರ, ಟಿವಿಯಲ್ಲಿ ಎದುರುಬದುರು ವಾದ. ನಮ್ಮ ರಾಷ್ಟ್ರಪತಿ ಚುನಾವಣೆ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಏಕೆ?
— ಗೃಹಿಣಿ, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಅಲ್ಲಿಯ ಅಧ್ಯಕ್ಷರು ನಮ್ಮ ಪ್ರಧಾನಿಯ ಕೆಲಸವನ್ನೂ ಮಾಡುತ್ತಾರಮ್ಮ, ಅದಕ್ಕೇ ಅಷ್ಟು ಗದ್ದಲ. ಆದರೆ ಅಲ್ಲಿಯೂ ಜನರ ಮತ ನೇರವಾಗಿ ಮುಟ್ಟುವುದಿಲ್ಲ. 538 ಪ್ರತಿನಿಧಿಗಳಲ್ಲಿ 270 ಸಿಕ್ಕವರು ಗೆಲ್ಲುತ್ತಾರೆ. 2016ರಲ್ಲಿ ಹಿಲರಿ ಕ್ಲಿಂಟನ್ ಅವರಿಗೆ 28 ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಬಂದರೂ ಅಧ್ಯಕ್ಷರಾದವರು ಟ್ರಂಪ್. ನಮ್ಮಲ್ಲಿ ಅಭ್ಯರ್ಥಿಗಳು ರಾಜಧಾನಿಗಳಿಗೆ ಹೋಗಿ ಶಾಸಕರನ್ನು ಕಂಡು ಬರುತ್ತಾರೆ, ಅಷ್ಟೇ ಪ್ರಚಾರ. ಈ ಚುನಾವಣೆಯಲ್ಲಿ ಪಕ್ಷಗಳು ವಿಪ್, ಅಂದರೆ ಇಂಥವರಿಗೇ ಮತ ಹಾಕಬೇಕೆಂಬ ಆದೇಶ, ಕೊಡುವಂತಿಲ್ಲ. 1969ರಲ್ಲಿ ಆತ್ಮಸಾಕ್ಷಿಗೆ ಅಷ್ಟು ಬೆಲೆ ಬಂದದ್ದೂ ಈ ಕಿಂಡಿಯಿಂದಲೇ.

ಪ್ರಚಾರವಿಲ್ಲ ಎಂದರೆ ಕೊಳಕಿಲ್ಲ ಎಂದಲ್ಲ. ಆ ವರ್ಷ ರೆಡ್ಡಿಯವರ ನಡತೆಗೆ ಮಸಿ ಬಳಿಯುವ ಅನಾಮಧೇಯ ಕರಪತ್ರ ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲೇ ಕೈಯಿಂದ ಕೈಗೆ ಓಡಾಡಿತು. ಚುನಾವಣೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು, 1970ರಲ್ಲಿ ವಜಾ ಆದವು. ರಾಷ್ಟ್ರಪತಿ ಗಿರಿಯವರು ನ್ಯಾಯಾಲಯಕ್ಕೆ ಖುದ್ದಾಗಿ ಬಂದು ಸಾಕ್ಷ್ಯ ನುಡಿದರು. ಬರದಿದ್ದರೂ ನಡೆಯುತ್ತಿತ್ತು, ಬಂದರು. ಎದುರಾಳಿಯಾದರೂ ಇದನ್ನು ಹೇಳಲೇಬೇಕು.

ಪ್ರಶ್ನೆ: ಇಂದಿರಾ ಗಾಂಧಿಯವರ ಬಗ್ಗೆ ಒಂದಾದರೂ ಒಳ್ಳೆಯ ಮಾತು?
— ಔಷಧ ಅಂಗಡಿಯವರು, ಸಂಡೂರು

ಉತ್ತರ: ನಮ್ಮ ನಾಯಕರೆಲ್ಲ ಸೇರಿ ಮಾಡಿದ್ದಕ್ಕಿಂತ ಚೆನ್ನಾಗಿ ಆಕೆ ಒಬ್ಬರೇ ಲೆಕ್ಕ ಹಾಕಿದರು. ಲೆಕ್ಕ ಬರೆದು ಹೊಟ್ಟೆ ಹೊರೆದವನಾಗಿ ಇದಕ್ಕಿಂತ ದೊಡ್ಡ ಹೊಗಳಿಕೆ ನನ್ನ ಹತ್ತಿರ ಇಲ್ಲ. 1969ರ ನವೆಂಬರ್ 12ರಂದು ನಿಜಲಿಂಗಪ್ಪನವರು ಆಕೆಯನ್ನು ಪಕ್ಷದಿಂದ ಹೊರಹಾಕಿದರು. ಹೊರಹಾಕುವ ಹೊತ್ತಿಗೆ ಪಕ್ಷವೇ ಆಕೆಯ ಕಡೆ ನಡೆದುಬಿಟ್ಟಿತ್ತು.

ಪ್ರಶ್ನೆ: ತಾತಾ, ನನಗೆ ಮೂವತ್ತಾರು ವರ್ಷ. 2027ರ ರಾಷ್ಟ್ರಪತಿ ಚುನಾವಣೆಗೆ ನಾನೇ ನಿಲ್ಲಬೇಕೆಂದಿದ್ದೇನೆ. ನಗಬೇಡಿ, ದಾರಿ ಹೇಳಿ.
— ಆಟೊ ಚಾಲಕ, ಕುಷ್ಟಗಿ

ಉತ್ತರ: ನಗಲಿಲ್ಲ ತಮ್ಮಾ. 35 ತುಂಬಿದೆ, ಆ ಅಡ್ಡಿ ಇಲ್ಲ. 1969ರಲ್ಲಿ ಹದಿನೈದು ಜನ ನಿಂತಿದ್ದರು, ಕೆಲವರಿಗೆ ಒಂದು ಮತವೂ ಬರಲಿಲ್ಲ. ಅಂಥವರು ಹೆಚ್ಚಿದ್ದರಿಂದ 1974ರಲ್ಲಿ ನಿಯಮ ಬಿಗಿಯಾಯಿತು, 1997ರಲ್ಲಿ ಇನ್ನೂ ಬಿಗಿಯಾಯಿತು. ಈಗ ನಿನ್ನ ನಾಮಪತ್ರಕ್ಕೆ ಸೂಚಕರಾಗಿ 50, ಅನುಮೋದಕರಾಗಿ ಬೇರೆ 50 ಮತದಾರರು ಸಹಿ ಹಾಕಬೇಕು. ಮತದಾರರು ಎಂದರೆ ಸಂಸದರು, ಶಾಸಕರು. ಠೇವಣಿ 15 ಸಾವಿರ. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗ ಬಾರದಿದ್ದರೆ ಅದೂ ಹೋಗುತ್ತದೆ.

ನಿನ್ನ ಕೊಪ್ಪಳ ಜಿಲ್ಲೆಯಲ್ಲಿ ಶಾಸಕರು ಐವರು, ನಮ್ಮ ಬಳ್ಳಾರಿಯಲ್ಲಿ ಐವರು, ರಾಯಚೂರಿನಲ್ಲಿ ಏಳು. ಮೂರೂ ಜಿಲ್ಲೆಯವರು ಪಕ್ಷಭೇದ ಮರೆತು ಸಹಿ ಹಾಕಿದರೂ ಹದಿನೇಳು. ಕರ್ನಾಟಕದ ಶಾಸಕರ ಮತದ ಮೌಲ್ಯ 131, ಅಂದರೆ ಎಲ್ಲ ಸೇರಿ 2,227. 2022ರಲ್ಲಿ ದ್ರೌಪದಿ ಮುರ್ಮು ಅವರಿಗೆ ಬಂದದ್ದು 6,76,803. ಇನ್ನೂ ಎಂಬತ್ತಮೂರು ಸಹಿ ಹುಡುಕಬೇಕು. ಕುಷ್ಟಗಿಯಿಂದ ಬೆಂಗಳೂರಿಗೆ ರಾತ್ರಿ ಬಸ್ ಇದೆ, ಶಾಸಕರ ಭವನ ಮುಂಜಾನೆಯೇ ತೆರೆದಿರುತ್ತದೆ. ನಾಮಪತ್ರಕ್ಕೆ ಸಹಿ ಹಾಕಿದವರು ಮತವನ್ನೂ ಹಾಕುತ್ತಾರೆಂದು ಮಾತ್ರ ಲೆಕ್ಕ ಇಟ್ಟುಕೊಳ್ಳಬೇಡ.